ರಾಯಚೂರು ಕೋಟೆಗೆ ಒಂದು ಪ್ರದಕ್ಷಿಣೆ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಮೂಲಿಕೆಗಳಿಗೆ ಮಾತ್ರವಲ್ಲದೆ ಕೋಟೆಕೊತ್ತಲಗಳಿಗೂ ಸಲ್ಲುವುದು. ನಮ್ಮ ಮಾನ್ವಿ ಸೀಮೆಯ ಗೃಹಸ್ಥರು ರಜೆ ಬಂದಿತೆಂದರೆ ಮಕ್ಕಳನ್ನು ಕರೆದುಕೊಂಡು ಹಂಪೆಗೆ ಹೋಗುವರು, ವಿಜಾಪುರಕ್ಕೆ ಹೋಗುವರು, ಗೋಲ್ಕೊಂಡವನ್ನು ಕಾಣಲೆಂದು ಹೈದರಾಬಾದಿನವರೆಗೂ ಹೋಗಿಬರುವರು. ಆದರೆ ಕೋರ್ಟು, ಆಸ್ಪತ್ರೆ, ಲಗ್ನದ ಜವಳಿ ಎಂದು ವರ್ಷಕ್ಕೆ ಹತ್ತು ಸಲ ರಾಯಚೂರಿಗೆ ಹೋಗುವ ಅದೇ ಗೃಹಸ್ಥರಲ್ಲಿ, ಅಲ್ಲಿಯ ಕೋಟೆಯನ್ನು ಒಮ್ಮೆ ಸುತ್ತಿ ನೋಡಿದವರು ಎಷ್ಟು ಮಂದಿ? ಬಸ್ಸಿನ ಕಿಟಕಿಯಲ್ಲಿ ಒಂದು ಗೋಡೆ ಕಂಡಾಗ ‘ಇಳಿಯುವ ಜಾಗ ಬಂದಿತು’ ಎಂದು ಕೈಚೀಲವನ್ನು ಹುಡುಕುವುದಕ್ಕಷ್ಟೇ ನಮ್ಮವರಿಗೆ ಆ ಕೋಟೆಯು ಉಪಯೋಗವಾಗುತ್ತಿದೆ. ಏಳು ನೂರು ವರ್ಷಗಳಿಗೆ ಮೇಲ್ಪಟ್ಟು ನಿಂತಿರುವ ಕಲ್ಲಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ಆದುದರಿಂದ ಈ ತಿಂಗಳಿನ ಪುಟಗಳನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ನಾವು ಅಲ್ಲಿಗೆ ಹೋದದ್ದು ಸೈಕಲ್ಲಿನ ಮೇಲೆ. ಅರುವತ್ತರ ಅಂಚಿನಲ್ಲಿರುವವರಿಗೆ ಇದೇನು ಹಠವೆಂದು ಮನೆಯಲ್ಲಿ ಕೇಳಿದವರುಂಟು. ಹಠವಲ್ಲ. ಕೋಟೆಯೆಂಬುದು ಎದುರಿಗೆ ನಿಂತು ನೋಡತಕ್ಕ ವಸ್ತುವಲ್ಲ, ಸುತ್ತಿ ನೋಡತಕ್ಕದ್ದು. ಕಟ್ಟಿದವನು ಅದನ್ನು ಸುತ್ತಲೂ ಕಟ್ಟಿದ್ದಾನೆ, ಮುತ್ತಿದವನು ಸುತ್ತಲೂ ಮುತ್ತಿದ್ದಾನೆ. ಮೋಟಾರಿನಲ್ಲಿ ಸುತ್ತಿದರೆ ಕಣ್ಣಿಗೆ ಏನೂ ನಿಲ್ಲದು; ನಡೆದು ಸುತ್ತುವುದಕ್ಕೆ ರಾಯಚೂರಿನ ಬಿಸಿಲು ಬಿಡದು. ಇವೆರಡರ ನಡುವಿನ ವೇಗವನ್ನುಳ್ಳ ವಾಹನ ಸೈಕಲ್ಲೊಂದೇ. ಬೇಕೆಂದಲ್ಲಿ ಕಾಲೂರಬಹುದು, ಗಲ್ಲಿಯೊಳಗೆ ನುಗ್ಗಬಹುದು, ಬಾಡಿಗೆ ಕೊಡಬೇಕಾದುದೂ ಇಲ್ಲ.

ನಮ್ಮೊಡನೆ ಇಬ್ಬರು ಬಂದರು. ಒಬ್ಬನು ನಮ್ಮ ಹಿರೇಕೊಟ್ನೆಕಲ್ಲಿನ ಒಕ್ಕಲಿಗ, ಹಿಂದೆ ನಮ್ಮಲ್ಲಿ ಓದಿದವನು. ಈಗ ನಲವತ್ತು ದಾಟಿದ್ದಾನೆ. ಇನ್ನೊಬ್ಬನು ಅವನ ಹದಿಮೂರು ವರ್ಷದ ಮಗ. ಮೊದಲು ಮಾನ್ವಿಗೆ ಬಂದು, ಅಲ್ಲಿಂದ ರಾಯಚೂರಿಗೆ 40 ಕಿಲೋಮೀಟರಿಗೂ ಮಿಕ್ಕ ದಾರಿ. ಪುಷ್ಯಮಾಸದ ಚಳಿಯಲ್ಲಿ ಇನ್ನೂ ಕತ್ತಲಿರುವಾಗಲೇ ಹೊರಟರೆ ಬಿಸಿಲೇರುವುದರೊಳಗಾಗಿ ಊರು ಸೇರಬಹುದು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ನೀರು, ಗಾಳಿ ಹಾಕುವ ಪಂಪು, ಪಂಕ್ಚರಿನ ಸಾಮಾನು, ಇಷ್ಟಿದ್ದರೆ ಸಾಕು. ಕಡೆಯದನ್ನು ಮಾತ್ರ ಮರೆಯಲಾಗದು. ನಮ್ಮ ಸೀಮೆಯ ರಸ್ತೆಯ ಬದಿಗಳಲ್ಲಿ ಬಳ್ಳಾರಿ ಜಾಲಿಯು ಹಬ್ಬಿರುವ ಪರಿಯನ್ನು ಬಲ್ಲವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಭತ್ತದ ಲಾರಿಗಳು ಬಂದಾಗ ರಸ್ತೆಯಿಂದ ಇಳಿದು ನಿಲ್ಲುವುದು ಕ್ಷೇಮ.

ಈ ನಾಡಿಗೆ ಹಳೆಯ ಶಾಸನಗಳಲ್ಲಿ ಎಡೆದೊರೆ ನಾಡೆಂದು ಹೆಸರು. ದೊರೆಯೆಂದರೆ ಇಲ್ಲಿ ಅರಸನಲ್ಲ, ತೊರೆ, ಅಂದರೆ ನದಿ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ತೊರೆಗಳ ಎಡೆಯಲ್ಲಿರುವ ನೆಲ. ಪಾರಸಿ ಬಲ್ಲವರು ಇದನ್ನೇ ದೋಆಬ್ ಎಂದರು. ಅದಕ್ಕೂ ಎರಡು ನೀರೆಂದೇ ಅರ್ಥ. ಎರಡು ಬದಿಗೂ ನದಿಗಳಿದ್ದರೂ ನಡುವಿನ ಎರೆಹೊಲಗಳು ಮಳೆಯನ್ನೇ ನಂಬಿಕೊಂಡು ಜೋಳವನ್ನೂ ಹತ್ತಿಯನ್ನೂ ಬೆಳೆಯುತ್ತಿದ್ದವು. 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯತೊಡಗಿದ ತರುವಾಯ ಎಡದಂಡೆಯ ಕಾಲುವೆಯು ಈ ದಾರಿಯ ಬಣ್ಣವನ್ನೇ ಬದಲಿಸಿತು. ಕಾಲುವೆಯ ನೀರು ಮುಟ್ಟುವಲ್ಲಿ ಗದ್ದೆ, ಮುಟ್ಟದಲ್ಲಿ ಹಿಂದಿನಂತೆ ಕರಿಯ ಹೊಲ. ಇವೆರಡರ ಗೆರೆಯನ್ನು ಸೈಕಲ್ಲಿನ ಮೇಲೆ ಹೋಗುವವನು ಸ್ಪಷ್ಟವಾಗಿ ಕಾಣಬಲ್ಲನು. ನೆಲಕ್ಕಾಗಿ, ನೀರಿಗಾಗಿ, ಈ ಎರಡು ನದಿಗಳ ನಡುವಣ ದಾರಿಗಳಿಗಾಗಿ ದಕ್ಷಿಣದ ರಾಜ್ಯಗಳು ಶತಮಾನಗಟ್ಟಲೆ ಹೊಡೆದಾಡಿದವು. ಆ ಹೊಡೆದಾಟದ ಬೀಗದ ಕೈಯೇ ರಾಯಚೂರು ಕೋಟೆ.

ಕೋಟೆಯ ವರ್ಣನೆಗೆ ಮುನ್ನ ಶಾಸ್ತ್ರದ ಎರಡು ಮಾತು. ನಡೆದು ತಲುಪಲು ಕಷ್ಟವಾದುದೇ ದುರ್ಗ. ಆ ಶಬ್ದದ ಅರ್ಥವೇ ಅದು. ಮನುವು ಆರು ಬಗೆಯ ದುರ್ಗಗಳನ್ನೆಣಿಸಿ ಅವುಗಳಲ್ಲಿ ಗಿರಿದುರ್ಗವೇ ಶ್ರೇಷ್ಠವೆಂದಿದ್ದಾನೆ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ದುರ್ಗವನ್ನು ಕಟ್ಟುವ ಕ್ರಮವನ್ನು ಅಳತೆಸಹಿತ ಹೇಳುತ್ತಾನೆ. ಕೋಟೆಯ ಸುತ್ತ ಮೂರು ಪರಿಖೆಗಳನ್ನು ತೋಡಬೇಕು. ಅವುಗಳ ಅಗಲವು ಕ್ರಮವಾಗಿ 14, 12 ಮತ್ತು 10 ದಂಡ. ದಂಡವೆಂದರೆ ಸುಮಾರು ಆರು ಅಡಿ. ನೀರಿನಲ್ಲಿ ತಾವರೆಗಳೂ ಮೊಸಳೆಗಳೂ ಇರಬೇಕು. ತೋಡಿ ತೆಗೆದ ಮಣ್ಣನ್ನು ವ್ಯರ್ಥಮಾಡದೆ ಅದನ್ನೇ ಒಡ್ಡಾಗಿ ಪೇರಿಸಿ, ಆನೆ ಎತ್ತುಗಳಿಂದ ತುಳಿಸಿ ಗಟ್ಟಿಮಾಡಿ, ಅದರ ಮೇಲೆ ಗೋಡೆಯನ್ನೆಬ್ಬಿಸಬೇಕು. ಅಂದರೆ ಅಗಳು ಮತ್ತು ಗೋಡೆ ಎರಡು ವಸ್ತುಗಳಲ್ಲ. ಕೆಳಕ್ಕೆ ಹೋದ ಮಣ್ಣಿನ ಲೆಕ್ಕವೇ ಮೇಲಕ್ಕೆದ್ದ ಮಣ್ಣಿನ ಲೆಕ್ಕ. ಒಂದನ್ನು ಹಾಳುಮಾಡಿ ಇನ್ನೊಂದನ್ನು ಉಳಿಸಿದೆವೆಂದರೆ ಅರ್ಧ ಪುಸ್ತಕವನ್ನು ಹರಿದಂತಾಗುವುದು.

ಈ ತೋಡಿದ ಕಾಲುವೆಗೆ ನಮ್ಮಲ್ಲಿ ಮೂರು ಹೆಸರುಗಳುಂಟು. ಅಗೆಯುವುದರಿಂದ ಅಗಳು; ಇದು ಅಚ್ಚಗನ್ನಡ. ಸುತ್ತಲೂ ಅಗೆದುದು ಪರಿಖೆ; ಇದು ಸಂಸ್ಕೃತ. ಕಂದಕವೆಂಬುದು ಪಾರಸಿಯಿಂದ ಅರಬ್ಬಿಗೆ ಹೋಗಿ ಅಲ್ಲಿಂದ ನಮ್ಮಲ್ಲಿಗೆ ಬಂದ ಮಾತು. ಅದರ ಮೂಲಾರ್ಥವೂ ತೋಡಿದುದೆಂದೇ. ಮೂರು ಭಾಷೆಗಳ ಅರಸರು ಈ ಕೋಟೆಯನ್ನು ಆಳಿದರು. ಆದರೆ ಮೂರು ಭಾಷೆಗಳೂ ಆ ವಸ್ತುವಿಗೆ ಅರಸನ ಹೆಸರನ್ನಿಡದೆ ಗುದ್ದಲಿಯ ಕೆಲಸದ ಹೆಸರನ್ನೇ ಇಟ್ಟಿವೆ. ಇದನ್ನು ವಾಚಕರು ಗಮನಿಸಬೇಕೆಂದು ಕೋರುತ್ತೇವೆ. ಏಕೆಂದರೆ ಕೋಟೆಯೊಳಗಿನ ಒಂದು ಚಿತ್ರವೂ ಇದೇ ಮಾತನ್ನು ಹೇಳುವುದು.

ರಾಯಚೂರಿನ ಕೋಟೆಗೆ ಎರಡು ಸುತ್ತು. ಹೊರಸುತ್ತಿಗೆ ಮೂರು ದಿಕ್ಕುಗಳಲ್ಲಿ ಅಗಳು. ದಕ್ಷಿಣದಲ್ಲಿ ಮಾತ್ರ ಅಗಳಿನ ಬದಲಾಗಿ ಸಾಲಾಗಿ ನಿಂತ ಬಂಡೆಗಲ್ಲಿನ ಮೂರು ಬೆಟ್ಟಗಳು. ಮನುವು ಹೇಳಿದ ಜಲದುರ್ಗವೂ ಗಿರಿದುರ್ಗವೂ ಒಂದೇ ಕಡೆ ಕೂಡಿಕೊಂಡಂತಾಯಿತು. ಹೊರಗೋಟೆಗೆ ಐದು ಬಾಗಿಲುಗಳು: ಪಶ್ಚಿಮಕ್ಕೆ ಮೆಕ್ಕಾ ದರವಾಜ, ಉತ್ತರಕ್ಕೆ ನವರಂಗಿ ದರವಾಜ, ಪೂರ್ವಕ್ಕೆ ಕಾಟಿ ದರವಾಜ, ದಕ್ಷಿಣಕ್ಕೆ ಖಂದಕ ದರವಾಜ, ನೈರುತ್ಯಕ್ಕೆ ದೊಡ್ಡಿ ದರವಾಜ. ಒಳಗೋಟೆಗೆ ಎರಡೇ ಬಾಗಿಲು: ಪಶ್ಚಿಮದ್ದು ಸೈಲಾನಿ, ಪೂರ್ವದ್ದು ಸಿಕಂದರಿ. ಈ ಏಳು ಹೆಸರುಗಳನ್ನು ಒಂದು ಕಾಗದದಲ್ಲಿ ಬರೆದು ಹುಡುಗನ ಕೈಗೆ ಕೊಟ್ಟೆವು; ಒಂದೊಂದು ಬಾಗಿಲು ಸಿಕ್ಕಿದಂತೆ ಗೀಟು ಹಾಕುವುದು ಅವನ ಕೆಲಸ. ಮಕ್ಕಳೊಡನೆ ಹೋಗುವವರು ಹೀಗೆಯೇ ಮಾಡಬೇಕೆಂದು ಸಲಹೆ ಕೊಡುತ್ತೇವೆ. ಹೆಸರು ಕೈಯಲ್ಲಿದ್ದರೆ ಹುಡುಗರು ಬೇಸರಪಡುವುದಿಲ್ಲ.

ಅಗಳಿನ ಸುತ್ತ ಒಂದೇ ಸಮನಾದ ದಾರಿಯಿದೆಯೆಂದು ಯಾರೂ ತಿಳಿಯಬಾರದು. ಕೆಲವೆಡೆ ನೀರು ರಸ್ತೆಯ ಪಕ್ಕದಲ್ಲಿಯೇ ಇರುವುದು. ಕೆಲವೆಡೆ ಅಂಗಡಿ ಮನೆಗಳ ಹಿಂದೆ ಮರೆಯಾಗುವುದು. ಗಲ್ಲಿಗಳನ್ನು ಹಿಡಿದು ಹೋಗಿ ಮತ್ತೆ ಅದನ್ನು ಕಂಡುಹಿಡಿಯಬೇಕು. ಕಾಣದಾದಾಗ ಆ ಬೀದಿಯ ಹಿರಿಯರನ್ನು ಕೇಳಿದರೆ ಸಾಕು, ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ತೆಲುಗಿನಲ್ಲಿಯೋ ಸಂತೋಷದಿಂದ ದಾರಿ ತೋರುವರು. ಒಬ್ಬ ಮುದುಕಿಯಂತೂ ಕಟ್ಟೆಯ ಮೇಲಿನಿಂದ ಎದ್ದು ಬಂದು, “ಮುಂದ ಹೋಗ್ರಿ ಅಣ್ಣಾರ, ಖಂದಕ ಎಲ್ಲಿ ಹೋಗತೈತಿ, ಅಲ್ಲೇ ಐತಿ” ಎಂದು ನಕ್ಕಳು.

ಹೊರಗೋಟೆಯನ್ನು ಬಹಮನಿ ಸುಲ್ತಾನರೂ ಅವರ ಬಳಿಕ ವಿಜಾಪುರದ ಆದಿಲಶಾಹಿ ಅರಸರೂ ಕಟ್ಟಿ ಬಲಪಡಿಸಿದರು. ಒಳಗೋಟೆಯು ಅದಕ್ಕಿಂತ ಹಳೆಯದು. ಅದರ ಗೋಡೆಯನ್ನು ಕಂಡವರು ಕೈಯಿಟ್ಟು ನೋಡದೆ ಇರಲಾರರು. ದೊಡ್ಡ ದೊಡ್ಡ ಕಲ್ಲುಗಳನ್ನು ನಯವಾಗಿ ಕೊರೆದು, ನಡುವೆ ಸುಣ್ಣಗಾರೆಯಿಲ್ಲದೆ, ಒಂದರ ಮೇಲೊಂದು ಕೂಡಿಸಿದ್ದಾರೆ. ಈ ಗೋಡೆಯಲ್ಲಿ ಒಂದು ಕಲ್ಲಿದೆ. ಉದ್ದವು 41 ಅಡಿಗೂ ಹೆಚ್ಚು. ಅದರ ಮೇಲೆ ತೆಲುಗು ಶಾಸನವಿದೆ. ಕ್ರಿ.ಶ. 1294ರಲ್ಲಿ, ವಾರಂಗಲ್ಲಿನ ಕಾಕತೀಯರ ಅಧೀನನಾದ ಗೋರೆ ಗಂಗಯ ರೆಡ್ಡಿಯು ಆದವಾನಿ, ತುಂಬುಳ, ಮಾನುವ, ಹಾಲುವ ಎಂಬ ಕೋಟೆಗಳನ್ನು ಗೆದ್ದು ರಾಯಚೂರಿಗೆ ಬಂದಾಗ, ಅವನ ಸೇನಾಪತಿಯಾದ ವಿಠ್ಠಲನಾಥನು ಈ ದುರ್ಗವನ್ನು ಕಟ್ಟಿಸಿದನೆಂದು ಅದರಿಂದ ತಿಳಿಯಬರುವುದು. ಮಾನುವವೆಂದರೆ ನಮ್ಮ ಮಾನ್ವಿಯೇ. ಮುಂಜಾನೆ ಯಾವ ಊರನ್ನು ದಾಟಿ ಬಂದೆವೋ ಅದರ ಹೆಸರು ಏಳು ಶತಮಾನಗಳ ಹಿಂದಿನ ಕಲ್ಲಿನಲ್ಲಿದೆಯೆಂದು ಹೇಳಿದಾಗ ಹುಡುಗನು ನಂಬಲಿಲ್ಲ. ಆ ಕಾಲಕ್ಕೆ ಕನ್ನಡಕ್ಕೂ ತೆಲುಗಿಗೂ ಲಿಪಿಯು ಹೆಚ್ಚುಕಡಿಮೆ ಒಂದೇ ಆಗಿದ್ದಿತು. ಆದುದರಿಂದ ಅವನು ಎರಡು ಮೂರು ಅಕ್ಷರಗಳನ್ನು ತಾನೇ ಗುರುತಿಸಿ ಬೆರಳಿಟ್ಟು ತೋರಿಸಿದನು. ಪಾಠಶಾಲೆಯಲ್ಲಿ ಒಂದು ತಿಂಗಳು ಹೇಳಿದ ಚರಿತ್ರೆಯು ಮಾಡದ ಕೆಲಸವನ್ನು ಆ ಎರಡು ಅಕ್ಷರಗಳು ಮಾಡಿದವು.

ಶಾಸನಕ್ಕಿಂತ ಹೆಚ್ಚಾಗಿ ನಮ್ಮನ್ನು ತಡೆದು ನಿಲ್ಲಿಸಿದ್ದು ಅಲ್ಲಿಯೇ ಗೋಡೆಯ ಮೇಲೆ ಗೀರಿರುವ ಚಿತ್ರ. ಇಂತಹ ಕಲ್ಲನ್ನು ಗಣಿಯಿಂದ ತಂದ ಬಗೆಯನ್ನೇ ಅದರಲ್ಲಿ ತೋರಿಸಿದ್ದಾರೆ. ಗಟ್ಟಿಗಾಲಿಗಳ ಬಂಡಿ, ಅದರ ಮೇಲೆ ಕಲ್ಲು, ಮುಂದೆ ಹೂಡಿದ ದನಗಳ ಉದ್ದನೆಯ ಸಾಲು, ಅವನ್ನು ಹುರಿದುಂಬಿಸುವ ಆಳುಗಳು, ಹಿಂದಿನಿಂದ ಗಾಲಿಗಳಿಗೆ ಸನ್ನೆಗೋಲು ಹಾಕಿ ಮೀಟುವ ಆಳುಗಳು. ನಾವು ಇದನ್ನು ಒಂದು ಸೊಗಸಾದ ಚಿತ್ರವೆಂದು ನೋಡುತ್ತಿದ್ದೆವು. ನಮ್ಮ ಶಿಷ್ಯನು ಹಾಗೆ ನೋಡಲಿಲ್ಲ. ಅವನು ಬಹಳ ಹೊತ್ತು ಗಾಲಿಗಳ ಹತ್ತಿರವೇ ಕಣ್ಣಿಟ್ಟಿದ್ದು, “ಮಾಸ್ತರ, ಮುಂದಿನ ಎತ್ತು ಎಷ್ಟಿದ್ದರೂ ನಡಿಯಂಗಿಲ್ರಿ. ಬಂಡಿ ಎರಿಯಾಗ ಹುಗದಾಗ ಹಿಂದ ಕೋಲು ಹಾಕಿ ಎತ್ತವರೇ ಬೇಕು. ಕೋಲು ಜಾರಿದರ ಮೊದಲು ಹೋಗೋದು ಅವರ ಕಾಲು” ಎಂದನು. ಅವನ ತಂದೆಯು ಬಂಡಿ ಹೊಡೆದವನು. ಮಳೆಗಾಲದ ಎರೆಯಲ್ಲಿ ಹುಗಿದ ಗಾಲಿಯನ್ನು ಅವನು ಎಳೆವಯಸ್ಸಿನಲ್ಲಿ ಎತ್ತಿದ್ದಾನೆ. ನಾವು ಇಷ್ಟು ವರ್ಷ ಗ್ರಂಥಗಳನ್ನು ಓದಿದರೂ ಆ ಚಿತ್ರದಲ್ಲಿ ಹಿಂದಿನ ಆಳಿನ ಕಾಲನ್ನು ಕಾಣುವ ಕಣ್ಣು ನಮಗಿರಲಿಲ್ಲ.

ಶಾಸನದಲ್ಲಿ ಪ್ರಭುವಿನ ಹೆಸರಿದೆ, ಸೇನಾಪತಿಯ ಹೆಸರಿದೆ. ಕಲ್ಲು ಎಳೆದವರ ಹೆಸರಿಲ್ಲ. ಆದರೆ ಯಾವನೋ ಒಬ್ಬನು, ಅವರ ಹೆಸರನ್ನು ಬರೆಯಲು ಆಗದಿದ್ದರೂ ಅವರ ಕೆಲಸವನ್ನು ಬರೆದಿಡಬೇಕೆಂದು ಎಣಿಸಿ, ಆ ಗೋಡೆಯ ಮೇಲೆ ಉಳಿಯನ್ನಾಡಿಸಿದನು. ನಮ್ಮ ನಾಡಿನ ಕೋಟೆಗಳಲ್ಲಿ ಅರಸರ ಬಿರುದುಗಳು ಬೇಕಾದಷ್ಟು ಸಿಕ್ಕುವುವು; ಕೂಲಿಯ ಬೆವರಿಗೆ ಇಂತಹ ಸಾಕ್ಷಿಯು ಅಪರೂಪ. ರಾಯಚೂರಿಗೆ ಹೋಗುವವರಿಗೆ ಅರ್ಧ ಗಂಟೆಯ ಬಿಡುವು ಮಾತ್ರ ಇದ್ದರೆ ಬೇರೆಲ್ಲವನ್ನೂ ಬಿಟ್ಟು ಇದನ್ನು ನೋಡಲಿ.

ಇಷ್ಟು ಬಲವಾಗಿ ಕಟ್ಟಿದ ಕೋಟೆಯೂ ಸೋತದ್ದುಂಟು. 1520ರಲ್ಲಿ ವಿಜಯನಗರದ ಕೃಷ್ಣದೇವರಾಯನು ದೊಡ್ಡ ದಂಡಿನೊಡನೆ ಬಂದು ಇದನ್ನು ಮುತ್ತಿದನು. ಆಗ ಇದು ಇಸ್ಮಾಯಿಲ್ ಆದಿಲಶಾಹನ ವಶದಲ್ಲಿದ್ದಿತು. ಆ ಮುತ್ತಿಗೆಯ ವಿವರಗಳನ್ನು ಕೆಲವು ವರ್ಷಗಳ ಬಳಿಕ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯು ಬರೆದಿಟ್ಟನು. ರಾಬರ್ಟ್ ಸಿವೆಲ್ಲನು 1900ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಗೋಡೆಗೆ ಸುಣ್ಣವಿರಲಿಲ್ಲವೆಂದು ನೂನಿಜನೂ ಹೇಳಿದ್ದಾನೆ. ಸುಣ್ಣವಿಲ್ಲದ ಗೋಡೆಯ ಕಲ್ಲನ್ನು ಹಾರೆಯಿಂದ ಕೀಳಬಹುದಷ್ಟೆ. ವಿಜಯನಗರದ ಆಳುಗಳು ಗೋಡೆಯ ಬುಡಕ್ಕೆ ಹೋಗಿ ಕಲ್ಲುಗಳನ್ನು ಕಿತ್ತು ತಂದರೆ ಕಲ್ಲಿನ ಗಾತ್ರಕ್ಕೆ ತಕ್ಕಂತೆ ಹಣ ಕೊಡುತ್ತಿದ್ದರಂತೆ. ಮೇಲಿನಿಂದ ಬೀಳುವ ಬಾಣ, ಗುಂಡು, ಕಲ್ಲುಗಳ ನಡುವೆ ಹಾಗೆ ಸತ್ತವರು ಬಹಳ. 1294ರಲ್ಲಿ ಕೂಲಿಯವರು ತಂದು ಕೂಡಿಸಿದ ಕಲ್ಲನ್ನು 1520ರಲ್ಲಿ ಕೂಲಿಯವರೇ ಪ್ರಾಣದ ಮೇಲೆ ಹೊಣೆಯಿಟ್ಟು ಕಿತ್ತರು.

ಆ ವರ್ಷದ ಮೇ ತಿಂಗಳಿನಲ್ಲಿ ಕೋಟೆಯ ನೆರವಿಗೆ ಬಂದ ಆದಿಲಶಾಹನ ದಂಡಿಗೂ ರಾಯನ ದಂಡಿಗೂ ಬಯಲಿನಲ್ಲಿ ಘೋರವಾದ ಕಾಳಗ ನಡೆದು ಆದಿಲಶಾಹನು ಕೃಷ್ಣೆಯನ್ನು ದಾಟಿ ಹಿಂದೆಗೆಯಬೇಕಾಯಿತು. ರಾಯನು ಮರಳಿ ಬಂದು ಮುತ್ತಿಗೆಯನ್ನು ಬಿಗಿಮಾಡಿದನು. ಆಗ ಕ್ರಿಸ್ತೋವಾವ್ ದ ಫಿಗೆರೇದು ಎಂಬ ಪೋರ್ಚುಗೀಸನು ಇಪ್ಪತ್ತು ಮಂದಿ ಬಂದೂಕುಗಾರರೊಡನೆ ಅವನ ಪಾಳೆಯದಲ್ಲಿದ್ದನು. ಇವರ ಗುಂಡಿಗೆ ಅಂಜಿ ಗೋಡೆಯ ಮೇಲಿನವರು ತಲೆಯೆತ್ತಲಾರದೆ ಹೋದರು. ಕೆಳಗಿನವರು ಕಲ್ಲು ಕೀಳುವುದು ಸುಲಭವಾಯಿತು. ಕೋಟೆಯ ಅಧಿಕಾರಿಯು ಬಗ್ಗಿ ನೋಡಿದಾಗ ಗುಂಡು ತಗುಲಿ ಸತ್ತನು. ಒಳಗಿನವರು ಬಾಗಿಲು ತೆರೆದರು. ಊರಿನವರ ಸೊತ್ತಿಗೆ ಭಂಗ ಬರುವುದಿಲ್ಲವೆಂದು ರಾಯನು ಅಭಯಕೊಟ್ಟನೆಂದು ನೂನಿಜನು ಹೇಳಿರುವುದನ್ನೂ ಇಲ್ಲಿ ಸೇರಿಸುವುದು ನ್ಯಾಯ.

ರಾಯನು ತೀರಿಕೊಂಡ ಮೇಲೆ ಕೋಟೆಯು ಮತ್ತೆ ವಿಜಾಪುರಕ್ಕೆ ಸೇರಿತು. ಬಳಿಕ ಮೊಗಲರಿಗೆ, ನಿಜಾಮರಿಗೆ. 1853ರಿಂದ 1860ರವರೆಗೆ ಈ ಸೀಮೆಯು ಇಂಗ್ಲಿಷರ ಆಡಳಿತದಲ್ಲಿದ್ದು ಹೈದರಾಬಾದಿಗೆ ಮರಳಿತು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುದಾರಿಯೂ ಮದರಾಸಿನ ಕಡೆಯಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿಯೇ ಕೂಡಿಕೊಂಡವು. ಕೋಟೆಯಿಂದ ಬಂದ ಹೆಸರಿಗೆ ರೈಲಿನಿಂದ ಇನ್ನಷ್ಟು ಹೆಸರು ಸೇರಿತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆ ಮುಗಿದು, 1956ರ ನವೆಂಬರ್ 1ರಂದು ರಾಯಚೂರು ಕನ್ನಡ ನಾಡಿನೊಳಗಾಯಿತು.

ಒಳಗೋಟೆಯ ಬಳಿಕ ಏಕಮಿನಾರಿನ ಮಸೀದಿಯನ್ನು ನೋಡಿದೆವು. ಇದು 1513ರಲ್ಲಿ, ಬಹಮನಿಯ ಮಹಮೂದಶಾಹನ ಕಾಲದಲ್ಲಿ ಕಟ್ಟಿದ್ದು. ಮಸೀದಿಯು ಚಿಕ್ಕದು, ಅದರ ಒಂಟಿ ಮಿನಾರವು ಸುಮಾರು 65 ಅಡಿ ಎತ್ತರ. ಅಲ್ಲಿಂದ ಬೆಟ್ಟದ ಬುಡಕ್ಕೆ ಬಂದು ಸೈಕಲ್ಲುಗಳಿಗೆ ಬೀಗ ಹಾಕಿ ಬಾಲಾಹಿಸಾರಕ್ಕೆ ಹತ್ತಿದೆವು. ನಡುವಣ ಬೆಟ್ಟದ ನೆತ್ತಿಯಲ್ಲಿರುವ ಈ ಕೊನೆಯ ಆಶ್ರಯಸ್ಥಾನವು ಸುಮಾರು 290 ಅಡಿ ಎತ್ತರದಲ್ಲಿದೆ. ಇಪ್ಪತ್ತು ಅಡಿ ಉದ್ದದ ಕಬ್ಬಿಣದ ತೋಪೊಂದು ಅಲ್ಲಿದೆ. ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ ಬಳೆಗಳಿಂದ ಬಿಗಿದು ಮಾಡಿದ್ದು. ಮಂಡಿನೋವುಳ್ಳವರು ಹತ್ತುವಾಗ ಅವಸರಪಡಬಾರದು, ಇಳಿಯುವಾಗ ಇನ್ನೂ ಅವಸರಪಡಬಾರದು. ಮೇಲಿನಿಂದ ನೋಡಿದರೆ ಊರೆಲ್ಲವೂ ಕಾಲ ಕೆಳಗಿರುವುದು. ಮನೆಗಳ ನಡುವೆ ಅಗಳಿನ ಗೆರೆಯನ್ನು ತುಂಡುತುಂಡಾಗಿ ಗುರುತಿಸಬಹುದು.

ತುಂಡುತುಂಡಾಗಿ ಎಂದೆವು, ದುಃಖದ ಮಾತು ಅದೇ. ನೀರು ನಿಂತಲ್ಲಿ ಕಳೆ ತುಂಬಿದೆ, ಚರಂಡಿಯ ನೀರು ಸೇರಿದೆ, ಪ್ಲಾಸ್ಟಿಕ್ ಚೀಲಗಳು ತೇಲುತ್ತಿವೆ. ಕೆಲವೆಡೆ ಕಸವನ್ನು ಸುರಿದು ಸುರಿದು ದಂಡೆಯೇ ಒಳಕ್ಕೆ ಬಂದಿದೆ. ಕೌಟಿಲ್ಯನು ಬಯಸಿದ ತಾವರೆಯು ಹಾಗಿರಲಿ, ಒಂದು ಕಪ್ಪೆ ನೆಮ್ಮದಿಯಿಂದ ಇರಲಾರದು. ಮುತ್ತಿದ ದಂಡುಗಳು ಅಗಳನ್ನು ತುಂಬಿ ದಾಟಲು ಹವಣಿಸುವುದು ಯುದ್ಧದ ನೀತಿ. ಯಾವ ದಂಡೂ ಮುತ್ತದಿರುವಾಗ ಊರವರೇ ಅದನ್ನು ತುಂಬುತ್ತಿದ್ದರೆ ಅದಕ್ಕೆ ಏನೆನ್ನಬೇಕು? ಸರಕಾರವು ಮಾಡತಕ್ಕದ್ದನ್ನು ಸರಕಾರವು ಮಾಡಲಿ. ಹೂಳೆತ್ತುವುದು, ಚರಂಡಿಯನ್ನು ತಿರುಗಿಸುವುದು ಒಬ್ಬಿಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಆದರೆ ಕಸದ ಚೀಲವು ತಾನಾಗಿ ನಡೆದು ಬಂದು ಅಗಳಿಗೆ ಬೀಳುವುದಿಲ್ಲ. ಯಾವುದೋ ಒಂದು ಮನೆಯಿಂದಲೇ ಬರಬೇಕು. ಈ ಪತ್ರಿಕೆಯನ್ನು ಓದುವವರು ಮನೆಗಳ ಯಜಮಾನರೂ ಯಜಮಾನಿಯರೂ ಆಗಿರುವುದರಿಂದಲೇ ಈ ಮಾತನ್ನು ಇಲ್ಲಿ ಹೇಳುತ್ತಿದ್ದೇವೆ.

ಒಂದು ಕೆಲಸಕ್ಕೆ ಮರ್ಯಾದೆ ತೋರಬೇಕಾದರೆ ಅದನ್ನು ಮಾಡಿದವರ ಕಷ್ಟವು ತಿಳಿದಿರಬೇಕು. ಆದುದರಿಂದ ಮಕ್ಕಳಿಗೆ ‘ಕಸ ಹಾಕಬೇಡ’ ಎಂದು ಬೋಧಿಸುವುದಕ್ಕೆ ಮೊದಲು ಅವರನ್ನು ಆ ಬಂಡಿಯ ಚಿತ್ರದ ಮುಂದೆ ನಿಲ್ಲಿಸಿರಿ. ಎಷ್ಟು ದನಗಳಿವೆಯೆಂದು ಎಣಿಸಲಿ, ಸನ್ನೆಗೋಲು ಹಿಡಿದವರು ಎಲ್ಲಿದ್ದಾರೆಂದು ಹುಡುಕಲಿ. ನಮ್ಮೊಡನೆ ಬಂದ ಹುಡುಗನು ಇಳಿಹೊತ್ತಿನಲ್ಲಿ ಕಡಲೆ ತಿಂದು ಉಳಿದ ಕಾಗದವನ್ನು ಅಗಳಿನ ದಂಡೆಯ ಮೇಲೆ ಹಿಡಿದು ನಿಂತಿದ್ದು, ಯಾರೂ ಹೇಳದೆಯೇ ಅದನ್ನು ಮಡಿಚಿ ಜೇಬಿಗೆ ಹಾಕಿಕೊಂಡನು. ಅವನ ಏಳು ಬಾಗಿಲುಗಳ ಪಟ್ಟಿಯೂ ಅದೇ ಜೇಬಿನಲ್ಲಿದ್ದಿತು.

ಹೋಗತಕ್ಕವರಿಗೆ ಕಡೆಯದಾಗಿ ಎರಡು ಸೂಚನೆ. ಮಾರ್ಗಶಿರ ಪುಷ್ಯಗಳೇ ತಕ್ಕ ಕಾಲ. ಹೋಳಿಯ ಹುಣ್ಣಿಮೆ ಕಳೆದ ಮೇಲೆ ಈ ಬಂಡೆಗಳು ಕಾದ ಹಂಚಿನಂತಾಗುವುವು. ಎರಡು ದಿನದ ಬಿಡುವಿರಲಿ: ಮೊದಲನೆಯ ದಿನ ಅಗಳು ಮತ್ತು ಬಾಗಿಲುಗಳು, ಎರಡನೆಯ ದಿನ ಬೆಳಗಿನ ತಂಪಿನಲ್ಲಿ ಬೆಟ್ಟ, ಆಮೇಲೆ ಊರಿಗೆ ದಾರಿ. ದೂರದವರು ರೈಲಿನಲ್ಲಿ ಬಂದು ರಾಯಚೂರಿನಲ್ಲಿ ಸೈಕಲ್ಲು ದೊರಕಿಸಿಕೊಂಡರೂ ಸರಿಯೇ. ಸುತ್ತುವಾಗ ಕೋಟೆಯು ಬಲಗಡೆಗಿರಲಿ. ದೇವಾಲಯಕ್ಕೆ ಮಾಡುವ ಮರ್ಯಾದೆಯನ್ನು ಆ ಕಲ್ಲೆಳೆದವರಿಗೂ ಮಣ್ಣಗೆದವರಿಗೂ ಒಮ್ಮೆ ಮಾಡಿದಂತಾಗಲಿ.